ಒಂದೇ ದಿನ ಹುಟ್ಟಿದ ಹದಿನಾಲ್ಕು ಜನ

“ನನ್ನ ಕೈಯಿಂದ ಇವತ್ತಿನವರೆಗೆ ಒಂದೇ ಒಂದು ಅಂಕಿ ತಪ್ಪಾಗಿ ಬಿದ್ದಿಲ್ಲ. ಬಿದ್ದಿದೆ ಅಂತ ಯಾರಾದ್ರೂ ತೋರಿಸಲಿ, ಈ ಮೀಸೆ ಬೋಳಿಸಿ ನಿಮ್ಮ ಬಟ್ಟೆ ಜೊತೆ ಒಗೆಯೋಕೆ ಹಾಕ್ತೀನಿ!”

ಲೆಕ್ಕದ ಮೇಷ್ಟ್ರು ಈ ಮಾತನ್ನು ದಿನಕ್ಕೆ ಮೂರು ಸಲ, ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹಾಗೆ ತಪ್ಪದೆ ಹೇಳುತ್ತಿದ್ದರು. ವಯಸ್ಸು ಎಪ್ಪತ್ನಾಲ್ಕು. ಪಾಠ ಮಾಡುವುದನ್ನು ಬಿಟ್ಟು ಹದಿನಾಲ್ಕು ವರ್ಷವಾಗಿದ್ದರೂ ಬೆರಳ ತುದಿಯಲ್ಲಿ ಸೀಮೆಸುಣ್ಣ ಇನ್ನೂ ಇದೆಯೇನೋ ಎಂಬಂತೆ ಕೈ ಒದರುವ ಅಭ್ಯಾಸ ಹೋಗಿರಲಿಲ್ಲ. ಇನ್ನು ಆ ಮೀಸೆ. ಗಾಳಿ ಜೋರಾಗಿದ್ದ ದಿನ ಮೇಷ್ಟ್ರು ಬೀದಿಯಲ್ಲಿ ಅಡ್ಡಡ್ಡ ನಡೆಯಬೇಕಾಗುತ್ತಿತ್ತು, ನೇರ ನಡೆದರೆ ಮೀಸೆಗೆ ಗಾಳಿ ತುಂಬಿ ಹಿಂದಕ್ಕೆ ಎಳೆಯುತ್ತಿತ್ತು ಎಂದು ನೋಡಿದವರು ಆಣೆ ಮಾಡಿ ಹೇಳುತ್ತಾರೆ.

ಅವರ ಮನೆಯ ಎದುರಿಗೇ, ಓಣಿ ದಾಟಿದರೆ, ದೊಡ್ಡಾಸ್ಪತ್ರೆಯ ಲಾಂಡ್ರಿ. ಸಾವಿರ ಹಾಸಿಗೆಗಳ ಹೊದಿಕೆ, ಡಾಕ್ಟರುಗಳ ಬಿಳಿ ಕೋಟು, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ಇಲ್ಲಿ ಕೊಳೆಯಾಗಿ ಬಂದು ಬಿಸಿಯಾಗಿ ಹೋಗುತ್ತಿದ್ದವು. ಕೆಲಸದವರು ಮೂವತ್ತೊಂದು ಜನ. ನಾಲ್ಕು ಗಂಟೆಗೆ ಪಾಳಿ ಮುಗಿಯಿತೆಂದರೆ ಎಲ್ಲರೂ ಕೈಕಾಲು ತೊಳೆದು ವಿಶ್ರಾಂತಿ ಕೋಣೆಗೆ ಬಂದು ಉದ್ದನೆಯ ಬೆಂಚುಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಕಬ್ಬಿಣದ ಬೀರುವಿನ ಮೇಲೆ ಒಂದು ಟಿವಿ. ಅದರಲ್ಲಿ ಮಂಗಳವಾರ, ಗುರುವಾರ ನಾಲ್ಕೂವರೆಗೆ ಒಂದು ಜಪಾನೀ ಧಾರಾವಾಹಿ.

ಧಾರಾವಾಹಿಯ ನಾಯಕಿ ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನು ಕಾಯುವ ಕನ್ನಡಕದ ಹುಡುಗಿ. ಕೊಡೆ, ಚೀಲ, ಕಟ್ಟಿಸಿಕೊಂಡ ಹಲ್ಲು, ಏನೇ ಸಿಗಲಿ, ಅದು ಯಾರದೆಂದು ಲೆಕ್ಕ ಹಾಕಿಯೇ ಪತ್ತೆ ಮಾಡುತ್ತಾಳೆ. ಕಷ್ಟವೇನೆಂದರೆ ಲೆಕ್ಕ ಬಂದ ಕೂಡಲೇ ಅವಳು ಗೋಡೆ, ಕಿಟಕಿ, ನಿಲ್ದಾಣದ ಅಧಿಕಾರಿಯ ಬೋಳು ತಲೆ ಎಂದೂ ನೋಡದೆ ಬರೆಯತೊಡಗುತ್ತಾಳೆ. ಕೆಳಗೆ ಓಡುವ ಕನ್ನಡ ಸಾಲುಗಳು ಅವಳ ರೈಲಿಗಿಂತ ವೇಗವಾಗಿ ಹೋಗಿಬಿಡುತ್ತವೆ. ಅದಕ್ಕೇ ಲಾಂಡ್ರಿಯವರು ಮೇಷ್ಟ್ರನ್ನು ಕರೆದಿದ್ದರು. ಮೇಷ್ಟ್ರಿಗೂ ಬೇಕಾಗಿತ್ತು. ಮನೆಯಲ್ಲಿ ಅದೇ ಹೊತ್ತಿಗೆ ಹೆಂಡತಿಯ ಧಾರಾವಾಹಿ. ಆಗ ಉಸಿರು ಬಿಡಬೇಕಾದರೂ ಜಾಹೀರಾತು ಬರುವವರೆಗೆ ಕಾಯಬೇಕಿತ್ತು.

ಹೋದ ವಾರ ಜಪಾನಿನ ಹುಡುಗಿ ಮೂರು ಪೆಟ್ಟಿಗೆಗಳ ಸಮಸ್ಯೆ ಬಿಡಿಸಿದ್ದಳು. ಮೇಷ್ಟ್ರು ಮೂರು ಬಟ್ಟೆಬುಟ್ಟಿ ತರಿಸಿ, ಒಂದರೊಳಗೆ ಸೋಪು ಬಚ್ಚಿಟ್ಟು, “ಒಂದು ಆರಿಸು” ಎಂದರು. ಆರಿಸಿದ ಮೇಲೆ, ಉಳಿದ ಎರಡರಲ್ಲಿ ಖಾಲಿಯಿದ್ದ ಒಂದನ್ನು ತೆರೆದು ತೋರಿಸಿ, “ಈಗ ಮನಸ್ಸು ಬದಲಾಯಿಸ್ತೀಯಾ?” ಎಂದು ಕೇಳಿದರು.

“ಬದಲಾಯಿಸಿದ್ರೇನು, ಬಿಟ್ರೇನು ಮೇಷ್ಟ್ರೇ, ಎರಡೇ ಉಳಿದಿರೋದು, ಸಮ ಸಮ” ಎಂದ ಬಾಯ್ಲರ್ ಅಣ್ಣ. ಬಾಯ್ಲರಿಗೆ ಬೆಂಕಿ ಹಾಕುವವನು. ತಲೆಯೊಳಗೂ ಒಂದು ಬಾಯ್ಲರ್ ಇಟ್ಟುಕೊಂಡವನು.

ಮೂವತ್ತು ಸಲ ಆಡಿಸಿದರು. ಪ್ರತಿ ಸಲವೂ ಬದಲಾಯಿಸಿದ, ಇಸ್ತ್ರಿ ಯಂತ್ರ ನಡೆಸುವ ರೋಲರ್ ಅಕ್ಕನಿಗೆ ಇಪ್ಪತ್ತು ಸಲ ಸೋಪು ಸಿಕ್ಕಿತು. “ಮೊದಲ ಸಲ ಕೈ ಹಾಕಿದ್ದು ಮೂರರಲ್ಲಿ ಒಂದಕ್ಕೆ. ಅಂದ್ರೆ ಮೂರಕ್ಕೆ ಎರಡು ಸಲ ಅದು ತಪ್ಪು ಬುಟ್ಟಿಯೇ. ತಪ್ಪು ಬುಟ್ಟಿ ಹಿಡಿದವನು ಬದಲಾಯಿಸಿದ್ರೆ ಗೆಲ್ಲಲೇಬೇಕು” ಎಂದು ಮೇಷ್ಟ್ರು ವಿವರಿಸಿದಾಗ ಬಾಯ್ಲರ್ ಅಣ್ಣ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಇಷ್ಟೆಲ್ಲ ಒಪ್ಪವಾಗಿ ನಡೆಯುತ್ತಿದ್ದ ಕೋಣೆಯಲ್ಲಿ ಒಂದು ಮುಳ್ಳು ಮಾತ್ರ ಇತ್ತು. ಅದು ರೋಲರ್ ಅಕ್ಕನ ವಿಷಯ.

ಒದ್ದೆ ಹೊದಿಕೆಯನ್ನು ಒಂದು ಬದಿಯಿಂದ ನುಂಗಿ ಇನ್ನೊಂದು ಬದಿಯಿಂದ ಗರಿಗರಿಯಾಗಿ ಉಗುಳುವ ದೊಡ್ಡ ಇಸ್ತ್ರಿ ರೋಲರ್ ಇಪ್ಪತ್ತೊಂಬತ್ತು ವರ್ಷದಿಂದ ಅವಳ ಕೈಯಲ್ಲಿತ್ತು. ಅಂಚನ್ನು ಹಿಂಗೈಯಿಂದ ಮುಟ್ಟಿ, ಒಳಗೆ ಎಲ್ಲಿ ಎಷ್ಟು ತೇವ ಉಳಿದಿದೆ ಎಂದು ಹೇಳುತ್ತಿದ್ದಳು. ಅವಳು ರಜೆ ಹಾಕಿದ ದಿನ ರೋಲರ್ ಸಿಟ್ಟಿಗೆದ್ದು ಹೊದಿಕೆಗಳನ್ನು ಅಗಿದು ಹಾಕುತ್ತಿತ್ತು. ಲಾಂಡ್ರಿಯಲ್ಲಿ ಐವತ್ತೆಂಟಕ್ಕೆ ಮನೆಗೆ. ಕಾಗದದ ಪ್ರಕಾರ ಅವಳಿಗೆ ಈ ತಿಂಗಳು ಐವತ್ತೆಂಟು ತುಂಬುತ್ತಿತ್ತು. ಮೇ ಮೂವತ್ತೊಂದಕ್ಕೆ ಬಿಡುಗಡೆ ಎಂದು ಆದೇಶವೂ ಬಂದಿತ್ತು. ಆದರೆ ಅವಳ ನಿಜವಾದ ವಯಸ್ಸು ಐವತ್ತಾರು. ಶಾಲೆಗೆ ಸೇರುವಾಗ ಎರಡು ವರ್ಷ ಜಾಸ್ತಿ ಬರೆದುಬಿಟ್ಟಿದ್ದರು. ಬರೆದವರು ಬೇರೆ ಯಾರೂ ಅಲ್ಲ, ಲೆಕ್ಕದ ಮೇಷ್ಟ್ರೇ. ಬರೆದವರು ಬದುಕಿದ್ದು, ಅಂದಾಜಿನ ತಾರೀಖು ಹಾಕಿದೆ ಎಂದು ಸಹಿ ಮಾಡಿ ಕೊಟ್ಟರೆ ತಿದ್ದಬಹುದು ಎಂದು ನಿಯಮವಿತ್ತು. ಅದಕ್ಕೆ ಕೊನೆಯ ದಿನ ಈ ಶುಕ್ರವಾರ.

“ಒಂದು ಸಾಲು ಬರೆದುಕೊಡಿ ಮೇಷ್ಟ್ರೇ” ಎಂದು ಅವಳು ತಿಂಗಳಿಂದ ಕೇಳುತ್ತಿದ್ದಳು. “ಎರಡನೇ ಕ್ಲಾಸಿಗೆ ಬಂದಾಗಲೂ ನನ್ನ ಹಾಲುಹಲ್ಲು ಒಂದೂ ಬಿದ್ದಿರಲಿಲ್ಲ.”

“ಹಲ್ಲಿನ ದಾಖಲೆ ನನ್ನ ಹತ್ರ ಇಲ್ಲಮ್ಮ. ನಿಮ್ಮಪ್ಪ ಏನು ಹೇಳಿದ್ರೋ ಅದನ್ನೇ ಬರೆದಿರ್ತೀನಿ. ತಾರೀಖು ನಾನೇ ಹುಟ್ಟಿಸಿದೆ ಅಂತ ಸಹಿ ಹಾಕು ಅಂತೀಯಾ? ನಾನು? ನನ್ನ ಕೈಯಿಂದ ಇವತ್ತಿನವರೆಗೆ…” ಎಂದು ಮೇಷ್ಟ್ರು ಶುರು ಮಾಡಿದರೆ ಮೀಸೆ ಒಗೆಯಲು ಹಾಕುವವರೆಗೆ ನಿಲ್ಲುತ್ತಿರಲಿಲ್ಲ.

“ಮನೇಲಿ ಕೂತ್ರೆ ಎರಡೇ ತಿಂಗಳಿಗೆ ಮುದುಕಿ ಆಗ್ತೀನಿ ಮೇಷ್ಟ್ರೇ. ಆ ಎರಡು ವರ್ಷ ನಂದು. ನಾನಿನ್ನೂ ಬದುಕಿಯೇ ಇಲ್ಲ ಅದನ್ನ.”

ಮೇಷ್ಟ್ರು ಟಿವಿಯ ಧ್ವನಿ ಜಾಸ್ತಿ ಮಾಡಿದ್ದರು.

ಆ ಮಂಗಳವಾರ ಜಪಾನಿನ ಹುಡುಗಿಗೆ ಹೆಸರಿಲ್ಲದ ಒಂದು ಹುಟ್ಟುಹಬ್ಬದ ಕೇಕು ಸಿಕ್ಕಿತು. ಒಂದು ಬೋಗಿಯಲ್ಲಿ ಇಪ್ಪತ್ಮೂರು ಜನ. “ಈ ಇಪ್ಪತ್ಮೂರು ಜನರಲ್ಲಿ ಇಬ್ಬರು ಒಂದೇ ದಿನ ಹುಟ್ಟಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು” ಎಂದು ಹೇಳಿ ಅವಳು ಕಿಟಕಿಯ ತುಂಬ ಬರೆದಳು. ರೈಲು ಹೊರಟೇಹೋಯಿತು.

“ಸುಳ್ಳು!” ಬಾಯ್ಲರ್ ಅಣ್ಣ ಬೆಂಚಿನಿಂದ ಎದ್ದೇಬಿಟ್ಟ. “ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಇಪ್ಪತ್ಮೂರು ಜನ ಎಲ್ಲಿಗೆ ಸಾಲ್ತಾರೆ? ಜಪಾನಿನಲ್ಲಿ ವರ್ಷ ಚಿಕ್ಕದಿರಬೇಕು.”

ಮೇಷ್ಟ್ರು ಕೈ ಒದರಿಕೊಂಡು ಎದ್ದರು. ಈ ಗಳಿಗೆಗಾಗಿಯೇ ಅವರು ಹುಟ್ಟಿದ್ದು ಎನ್ನಬೇಕು.

“ನೀನು ಜನರನ್ನ ಎಣಿಸ್ತಾ ಇದ್ದೀಯ. ಜೋಡಿಗಳನ್ನ ಎಣಿಸು. ಇಪ್ಪತ್ಮೂರು ಜನ ಒಬ್ಬರಿಗೊಬ್ಬರು ಕೈ ಕುಲುಕಿದ್ರೆ ಎಷ್ಟು ಕುಲುಕಾಟ? ಒಬ್ಬೊಬ್ಬರೂ ಇಪ್ಪತ್ತೆರಡು ಜನರಿಗೆ. ಇಪ್ಪತ್ಮೂರು ಇಪ್ಪತ್ತೆರಡ್ಲೆ ಐನೂರಾರು. ನೀನು ನನಗೆ ಕುಲುಕಿದ್ದು, ನಾನು ನಿನಗೆ ಕುಲುಕಿದ್ದು ಎರಡೂ ಒಂದೇ, ಅದಕ್ಕೆ ಅರ್ಧ ಮಾಡು. ಇನ್ನೂರ ಐವತ್ಮೂರು ಜೋಡಿ! ಒಂದೊಂದು ಜೋಡಿಗೂ ತಾರೀಖು ಕೂಡಿಬರೋಕೆ ಒಂದೊಂದು ಅವಕಾಶ.”

“ಆದ್ರೂ…”

“ಆದ್ರೂ ಇಲ್ಲ, ಗೀದ್ರೂ ಇಲ್ಲ. ಮೊದಲನೆಯವನು ಯಾವ ದಿನ ಬೇಕಾದ್ರೂ ಹುಟ್ಟಲಿ. ಎರಡನೆಯವನು ಅವನನ್ನ ತಪ್ಪಿಸಿಕೊಳ್ಳೋಕೆ ಮುನ್ನೂರ ಅರವತ್ನಾಲ್ಕು ದಿನ ಇವೆ. ಮೂರನೆಯವನಿಗೆ ಮುನ್ನೂರ ಅರವತ್ಮೂರು. ಹೀಗೆ ಜಾಗ ಕಮ್ಮಿ ಆಗ್ತಾ ಆಗ್ತಾ ಇಪ್ಪತ್ಮೂರನೆಯವನಿಗೆ ಮುನ್ನೂರ ನಲವತ್ಮೂರು. ಒಂದೊಂದನ್ನೂ ಮುನ್ನೂರ ಅರವತ್ತೈದರಿಂದ ಭಾಗಿಸಿ, ಎಲ್ಲ ಗುಣಿಸಿ ನೋಡು. ಎಲ್ಲರೂ ತಪ್ಪಿಸಿಕೊಳ್ಳೋ ಸಾಧ್ಯತೆ ನೂರಕ್ಕೆ ಐವತ್ತಕ್ಕಿಂತ ಕೆಳಗೆ ಇಳಿದಿರುತ್ತೆ. ನೀವು ಇಲ್ಲಿ ಮೂವತ್ತೊಂದು ಜನ, ನಾನೂರ ಅರವತ್ತೈದು ಜೋಡಿ. ನೂರಕ್ಕೆ ಎಪ್ಪತ್ಮೂರು ಪಾಲು ಯಾರಾದ್ರೂ ಇಬ್ಬರು ಸಿಕ್ಕೇ ಸಿಗ್ತಾರೆ. ಬೇಕಾದ್ರೆ ಈಗಲೇ ನೋಡೋಣ!”

“ನೋಡೋಣ ಮೇಷ್ಟ್ರೇ” ಎಂದು ಮೂಲೆಯಿಂದ ರೋಲರ್ ಅಕ್ಕ ಎದ್ದಳು. ಅಷ್ಟು ಬೇಗ ಅವಳು ಹಿಂದೊಮ್ಮೆ ಲಾಂಡ್ರಿಗೆ ಬೆಂಕಿ ಹತ್ತಿದಾಗಲೂ ಎದ್ದಿರಲಿಲ್ಲ. “ಎಲ್ಲರೂ ಚೀಟಿ ಬರೀರಿ. ಮನೇಲಿ ಹೇಳೋ ತಾರೀಖು ಬೇಡ, ಗುರುತಿನ ಚೀಟಿಲಿ ಏನಿದೆಯೋ ಅದು. ದಾಖಲೆ ಅಂದ್ರೆ ದಾಖಲೆ, ಅಲ್ವಾ ಮೇಷ್ಟ್ರೇ?”

“ಭೇಷ್!” ಎಂದರು ಮೇಷ್ಟ್ರು.

ಸೋಪಿನ ಪುಡಿಯ ಖಾಲಿ ಡಬ್ಬಿಗೆ ಮೂವತ್ತೊಂದು ಚೀಟಿ ಬಿದ್ದವು. ರೋಲರ್ ಅಕ್ಕ ಒಂದೊಂದಾಗಿ ತೆಗೆದು ಓದತೊಡಗಿದಳು.

“ಮೇ ಹತ್ತೊಂಬತ್ತು.”

“ನವೆಂಬರ್ ಮೂರು.”

“ಮೇ ಹತ್ತೊಂಬತ್ತು.”

ಕೋಣೆಯಲ್ಲಿ ಹೋ ಎಂದು ಕೂಗೆದ್ದಿತು. ಮೂರೇ ಚೀಟಿಗೆ ಜೋಡಿ! ಮೇಷ್ಟ್ರು ಮೀಸೆಯ ಎರಡೂ ತುದಿಗಳನ್ನು ತಿರುವಿದರು. ಬಾಯ್ಲರ್ ಅಣ್ಣ ಕುಸಿದು ಕೂತ.

“ಮೇ ಹತ್ತೊಂಬತ್ತು” ಎಂದಳು ರೋಲರ್ ಅಕ್ಕ.

ಮೇಷ್ಟ್ರು ನಕ್ಕರು. “ಮೂರು ಜನ! ಅಪರೂಪ, ಆದ್ರೆ ಆಗಬಾರದ್ದೇನಲ್ಲ.”

“ಆಗಸ್ಟ್ ಏಳು. ಮೇ ಹತ್ತೊಂಬತ್ತು. ಮೇ ಹತ್ತೊಂಬತ್ತು.”

ನಗು ಮೇಷ್ಟ್ರ ಮೀಸೆಯೊಳಗೇ ಎಲ್ಲೋ ದಾರಿ ತಪ್ಪಿತು. ಏಳನೆಯ ಮೇ ಹತ್ತೊಂಬತ್ತಕ್ಕೆ ಬಾಯ್ಲರ್ ಅಣ್ಣ ಮತ್ತೆ ಎದ್ದು ನಿಂತ. ಹತ್ತನೆಯದಕ್ಕೆ ಬಟ್ಟೆ ಮಡಚುವ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಚೀಟಿಗಳು ಮುಗಿದಾಗ ರೋಲರ್ ಅಕ್ಕನ ಎಡಗೈಯಲ್ಲಿ ಹದಿನಾಲ್ಕು, ಬಲಗೈಯಲ್ಲಿ ಹದಿನೇಳು.

“ನನಗೊಬ್ಬಳಿಗೇ ಈ ತಾರೀಖು ಅಂದ್ಕೊಂಡಿದ್ದೆ!” ಎಂದು ಒಬ್ಬಳು ಉಸಿರೆಳೆದಳು.

“ನನ್ನದೂ ಅದೇ, ನನ್ನ ತಮ್ಮಂದೂ ಅದೇ” ಎಂದ ಬಾಯ್ಲರ್ ಅಣ್ಣ. ಅವನ ತಮ್ಮ ಒಣಗಿಸುವ ಯಂತ್ರದ ಕೆಲಸಗಾರ. “ವರ್ಷ ಮಾತ್ರ ಬೇರೆ. ನಮ್ಮಮ್ಮ ಎಲ್ಲ ಕೆಲಸ ಸಮಯಕ್ಕೆ ಸರಿಯಾಗಿ ಮಾಡೋಳು ಅಂತ ಹೆಮ್ಮೆ ಪಡ್ತಿದ್ದೆ.”

ಗದ್ದಲ ಕೇಳಿ ಬಾಗಿಲಿಗೆ ಬಂದ ಮ್ಯಾನೇಜರ್ ವಿಷಯ ತಿಳಿದು ಬೆಪ್ಪಾಗಿ ನಿಂತರು. “ಓಹೋ! ಪ್ರತಿ ವರ್ಷ ಮೇ ತಿಂಗಳಲ್ಲೇ ಯಾಕೆ ಜನ ನಿವೃತ್ತಿ ಆಗ್ತಾರೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಸೆಕೆಗೆ ಇರಬೇಕು ಅಂದ್ಕೊಂಡಿದ್ದೆ.”

ಮೇಷ್ಟ್ರು ಯಾರೋ ತಮಾಷೆ ಮಾಡಿದ್ದಾರೆಂದು ಹದಿನಾಲ್ಕೂ ಗುರುತಿನ ಚೀಟಿ ತರಿಸಿ ಕನ್ನಡಕ ಏರಿಸಿ ಇಳಿಸಿ ನೋಡಿದರು. ಎಲ್ಲವೂ ಅಸಲಿ. ಪೆನ್ಸಿಲ್ ತೆಗೆದು ಗೋಡೆಯ ಹಾಜರಿ ಹಾಳೆಯ ಹಿಂಬದಿಯಲ್ಲಿ ಗುಣಿಸಿದರು, ಭಾಗಿಸಿದರು, ಹಾಳೆ ಸಾಲದೆ ಗೋಡೆಗೂ ಇಳಿದರು. ಜಪಾನಿನ ಹುಡುಗಿ ನೋಡಿದ್ದರೆ ಅಲ್ಲೇ ಶಿಷ್ಯೆಯಾಗುತ್ತಿದ್ದಳು. ಕೊನೆಗೆ ತಿರುಗಿದಾಗ ಮುಖ ಒಗೆದ ಹೊದಿಕೆಯ ಬಣ್ಣಕ್ಕೆ ಬಂದಿತ್ತು.

“ಇಬ್ಬರು ಸಿಗೋದು ಸಹಜ. ಮೂವತ್ತೊಂದರಲ್ಲಿ ಹದಿನಾಲ್ಕು ಅಂದ್ರೆ, ಒಂದು ಬರೆದು ಮುಂದೆ ಇಪ್ಪತ್ನಾಲ್ಕು ಸೊನ್ನೆ ಹಾಕಿ. ಅಷ್ಟು ಸಲ ಲಾಂಡ್ರಿ ಕಟ್ಟಿ, ಕೆಡವಿ, ಕಟ್ಟಿದ್ರೂ ಒಂದು ಸಲ ಆಗೋದು ಅನುಮಾನ. ಇದು ತಾನಾಗಿ ಆಗಿದ್ದಲ್ಲ. ಇದನ್ನ ಯಾರೋ ಒಬ್ಬ ಕೂತು ಬರೆದಿದ್ದಾನೆ! ಒಬ್ಬನೇ! ಎಂಥ ಸೋಮಾರಿ ಇರಬೇಕು ಅವನು! ವರ್ಷದಲ್ಲಿ ಇನ್ನೂ ಮುನ್ನೂರ ಅರವತ್ನಾಲ್ಕು ದಿನ ಇವೆ ಅನ್ನೋದೂ ಗೊತ್ತಿಲ್ಲದ ದಡ್ಡ! ಅವನ ಕೈಗೆ ಪೆನ್ನು ಕೊಟ್ಟೋರು ಯಾರು?”

ರೋಲರ್ ಅಕ್ಕ ಎಡಗೈಯ ಚೀಟಿಗಳನ್ನು ನೀಟಾಗಿ ಜೋಡಿಸಿ ಮೇಷ್ಟ್ರ ಮುಂದಿಟ್ಟಳು.

“ಈ ಹದಿನಾಲ್ಕೂ ಜನ ಒಂದೇ ಶಾಲೆಲಿ ಓದಿದ್ದು ಮೇಷ್ಟ್ರೇ. ಒಂದನೇ ಕ್ಲಾಸಿಗೆ ಸೇರಿಸಿಕೊಂಡೋರೂ ಒಬ್ಬರೇ.”

ಮೇಷ್ಟ್ರು ಚೀಟಿಗಳನ್ನು ನೋಡಿದರು. ಆಮೇಲೆ ಹದಿನಾಲ್ಕು ಮುಖಗಳನ್ನು ನೋಡಿದರು. ಒಂದೊಂದು ಮುಖದ ಹಿಂದಿನಿಂದಲೂ ಮೂಗು ಒರೆಸಿಕೊಳ್ಳುವ ಒಂದೊಂದು ಮಗು ಇಣುಕಿತು. ಕಾಲ ಕೆಳಗಿನ ನೆಲವನ್ನು ಯಾರೋ ಹೊದಿಕೆಯಂತೆ ಕೊಡವಿದ ಹಾಗಾಯಿತು. ಬೆಂಚು ಹಿಡಿದು ಕೂತರು.

ಆಗ ನೆನಪು ಬಂತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ದಾಖಲಾತಿಯ ದಿನ. ಮಗು ಹುಟ್ಟಿದ್ದು ಯಾವಾಗ ಎಂದರೆ “ದೊಡ್ಡ ಗಾಳಿ ಬಂತಲ್ಲ, ಆಗ” ಎನ್ನುವ ತಾಯಂದಿರು. ಪುಸ್ತಕದಲ್ಲಿ ತಾರೀಖಿನ ಮನೆ ಖಾಲಿ ಬಿಡುವಂತಿರಲಿಲ್ಲ. ಸಾಲಿನ ಕೊನೆಯಲ್ಲಿ ಅಕ್ಕನ ಲಂಗ ಹಿಡಿದುಕೊಂಡ ಒಂದು ಪುಟ್ಟ ಹುಡುಗಿ. ನಾಲ್ಕು ತುಂಬಿತ್ತೋ ಇಲ್ಲವೋ. ಆರು ಆಗದ ಮಗುವನ್ನು ಒಳಗೆ ಕೂರಿಸುವಂತಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಹೊರಗೆ ಕೂರು ಎಂದರೆ ಲಂಗ ಬಿಡಲೊಲ್ಲದು. ಇಪ್ಪತ್ತೆರಡು ವರ್ಷದ ಮೇಷ್ಟ್ರು ಅತ್ತಿತ್ತ ನೋಡಿ, ಆರು ವರ್ಷ ಎಂದು ಬರೆದು, ಬಾಗಿಲ ಹತ್ತಿರದ ಮಣೆ ತೋರಿಸಿದ್ದರು.

“ನೀನು ಒಳಗೆ ಬಂದ ಕೂಡಲೇ ನಿದ್ದೆ ಮಾಡಿದೆ” ಎಂದರು ಮೇಷ್ಟ್ರು, ರೋಲರ್ ಅಕ್ಕನಿಗೆ. ಧ್ವನಿ ಅವರದೇ ಎಂದು ನಂಬುವುದು ಕಷ್ಟವಾಗಿತ್ತು. “ನಾಲ್ಕು ವರ್ಷ ನಿನಗೆ. ನಾನೇ ಬರೆದೆ. ನಾನೇ.”

“ಗೊತ್ತು ಮೇಷ್ಟ್ರೇ. ನಾನು ಕೇಳ್ತಾ ಇದ್ದದ್ದೂ ಅದನ್ನೇ.”

ಮ್ಯಾನೇಜರ್ ಬಾಗಿಲಿನಿಂದ ಒಳಗೆ ಬಂದರು. “ಪತ್ರ ಕೊಡಿ, ಕಳಿಸ್ತೀನಿ. ಆದ್ರೆ ಒಂದು ಮಾತು. ಹೆಡ್ ಆಫೀಸಿನವರು ಸುಮ್ಮನೆ ಬಿಡಲ್ಲ. ಎಲ್ಲ ಬಿಟ್ಟು ಈ ತಾರೀಖೇ ಯಾಕೆ ಅಂತ ಕೇಳ್ತಾರೆ. ಕಾರಣ ಇಲ್ಲದಿದ್ರೆ, ಈಗ ಕೂತು ಕಟ್ಟಿದ ಕಥೆ ಅಂತ ವಾಪಸ್ ಕಳಿಸ್ತಾರೆ. ಯಾಕೆ ಮೇ ಹತ್ತೊಂಬತ್ತು?”

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮಂಗಳವಾರ ಹೊಳೆಯಲಿಲ್ಲ, ಬುಧವಾರ ಹೊಳೆಯಲಿಲ್ಲ. ಗುರುವಾರ ಸಂಜೆ ಜಪಾನಿನ ಹುಡುಗಿಯನ್ನೂ ನೋಡಲು ಹೋಗದೆ ಊಟದ ಮೇಜಿನ ಮುಂದೆ ಕೂತು ಏಳು ಹಾಳೆ ಹರಿದರು. ಮೊದಲ ಸಾಲು ಸಲೀಸಾಗಿ ಬರುತ್ತಿತ್ತು: ‘ಈ ತಾರೀಖನ್ನು ನಾನು ಅಂದಾಜಿನಿಂದ ಬರೆದೆ.’ ಎರಡನೆಯ ಸಾಲು ‘ಏಕೆಂದರೆ’ ಎಂದು ಶುರುವಾಗಿ ಅಲ್ಲೇ ಸಾಯುತ್ತಿತ್ತು. ಶಾಲೆ ಶುರುವಾದ ದಿನವೇ? ಅಲ್ಲ. ಸಂಬಳದ ದಿನ? ಅಲ್ಲ. ತಾವು ಹುಟ್ಟಿದ ದಿನ? ಅದು ಡಿಸೆಂಬರಿನಲ್ಲಿ. ಇಪ್ಪತ್ನಾಲ್ಕು ಸೊನ್ನೆ ಲೆಕ್ಕ ಹಾಕಿದ ತಲೆಗೆ ಒಂದು ತಾರೀಖಿನ ಬುಡ ಸಿಗುತ್ತಿರಲಿಲ್ಲ. ಬೆಳಗಾದರೆ ಶುಕ್ರವಾರ, ಒಬ್ಬಳ ಎರಡು ವರ್ಷ ಆ ‘ಏಕೆಂದರೆ’ಯ ಮುಂದೆ ಕಾದು ನಿಂತಿತ್ತು.

“ಏನ್ರೀ ಅದು, ಮನೆ ತುಂಬ ಕಾಗದ?” ಎಂದಳು ಹೆಂಡತಿ, ಟಿವಿಯಿಂದ ಕಣ್ಣು ಕೀಳದೆ.

“ನಿನಗೆ ಅರ್ಥ ಆಗಲ್ಲ ಕಣೇ. ಹಳೇ ದಾಖಲಾತಿ ಪುಸ್ತಕದ ವಿಷಯ. ಯಾವ ಮಗುವಿನ ತಾರೀಖು ಗೊತ್ತಿಲ್ವೋ ಅದಕ್ಕೆಲ್ಲ ಮೇ ಹತ್ತೊಂಬತ್ತು ಅಂತ ಬರೆದುಬಿಟ್ಟಿದ್ದೀನಿ. ಮೊದಲ ವರ್ಷ ಬರೆದೆ, ಆಮೇಲೆ ಕೈಗೆ ಅದೇ ರೂಢಿ ಆಯ್ತು. ಯಾಕೆ ಅದೇ ತಾರೀಖು ಅಂತ ನನಗೇ ಗೊತ್ತಾಗ್ತಿಲ್ಲ.”

ಆಗ ಆ ಮನೆಯಲ್ಲಿ ಎಂದೂ ನಡೆಯದ ಒಂದು ಘಟನೆ ನಡೆಯಿತು. ಹೆಂಡತಿ ಟಿವಿ ಆರಿಸಿದಳು. ಜಾಹೀರಾತಿನ ಹೊತ್ತಲ್ಲ, ನಾಯಕಿ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಿದ್ದ ಹೊತ್ತು.

“ಯಾವ ತಾರೀಖು ಅಂದ್ರಿ?”

“ಮೇ ಹತ್ತೊಂಬತ್ತು.”

“ಆ ಕೆಲಸಕ್ಕೆ ಸೇರಿದ್ದು ಯಾವ ವರ್ಷ?”

“ನಮ್ಮ ಮದುವೆ ಆದ ವರ್ಷವೇ. ಮದುವೆ ಆಗಿ ಮೂರೋ ನಾಲ್ಕೋ ವಾರಕ್ಕೆ…” ಎಂದ ಮೇಷ್ಟ್ರು ಅಲ್ಲೇ ನಿಂತರು. ಪೆನ್ನು ಮೇಜಿನ ಮೇಲಿಂದ ಉರುಳಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

ಮದುವೆಯಾದ ಮೇಲೆ ಎಷ್ಟೋ ವರ್ಷ, ವರ್ಷಕ್ಕೊಂದು ಸಂಜೆ, ಈ ಹೆಂಗಸು ಒಳ್ಳೆ ಸೀರೆ ಉಟ್ಟು ಎದುರು ನಿಂತು “ಇವತ್ತು ಏನು ದಿನ ಹೇಳಿ ನೋಡೋಣ” ಎಂದು ಕೇಳುತ್ತಿದ್ದಳು. ಮೇಷ್ಟ್ರು ಕ್ಯಾಲೆಂಡರ್ ನೋಡಿ, ಒಮ್ಮೆಯೂ ತಪ್ಪಿಲ್ಲದೆ, “ಬುಧವಾರ” ಎಂದೋ “ಶನಿವಾರ” ಎಂದೋ ಹೇಳುತ್ತಿದ್ದರು. ಬರಬರುತ್ತ ಅವಳು ಕೇಳುವುದನ್ನೇ ಬಿಟ್ಟಿದ್ದಳು.

“ಬರೀರಿ” ಎಂದಳು ಹೆಂಡತಿ. ಕಣ್ಣು ಒದ್ದೆಯಾಗಿತ್ತು, ಸಿಟ್ಟಿಗೋ ನಗುವಿಗೋ ಅವಳಿಗೂ ತಿಳಿಯಲಿಲ್ಲ. “ಏಕೆಂದರೆ ಅಂತ ಶುರು ಮಾಡಿದ್ದೀರಲ್ಲ, ಮುಂದೆ ಬರೀರಿ. ನಮ್ಮ ಮದುವೆ ಕಾಗದವನ್ನೂ ಜೊತೆಗೆ ಇಡ್ತೀನಿ. ಅದರಲ್ಲಿ ತಾರೀಖು ಸರಿಯಾಗಿದೆ. ಅದನ್ನ ನೀವು ಬರೆದಿದ್ದಲ್ಲ.”

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಓಣಿ ದಾಟಿ ಬಂದಾಗ ಗೇಟಿನವನು ಗುರುತು ಸಿಗದೆ ತಡೆದ. ಮೀಸೆ ಇರಲಿಲ್ಲ. ಅದಿದ್ದ ಜಾಗ ಎಷ್ಟು ಬೆಳ್ಳಗಿತ್ತೆಂದರೆ ಲಾಂಡ್ರಿಯವರೇ ಬ್ಲೀಚ್ ಮಾಡಿಕೊಟ್ಟಂತಿತ್ತು. ಅವರು ಮ್ಯಾನೇಜರ್ ಮೇಜಿನ ಮೇಲೆ ಪತ್ರವಿಟ್ಟರು, ಮದುವೆ ಕಾಗದವಿಟ್ಟರು, ನಾಲ್ಕು ಪುಟದ ಗಣಿತವಿಟ್ಟರು. ಕೊನೆಗೆ ಒಂದು ಪೊಟ್ಟಣವನ್ನು ರೋಲರ್ ಅಕ್ಕನ ಕೈಗಿಟ್ಟು, “ಬಟ್ಟೆ ಜೊತೆ ಹಾಕು ತಾಯಿ, ಮಾತು ಕೊಟ್ಟಿದ್ದೆ” ಎಂದರು. ಅವಳು ಪೊಟ್ಟಣ ಬಿಚ್ಚಿ ನೋಡಿ ಹೌಹಾರಿ ಬೆಂಚಿನ ಮೇಲೆ ಕೂತಳು.

ಹತ್ತು ದಿನಕ್ಕೆ ಹೆಡ್ ಆಫೀಸಿನಿಂದ ಉತ್ತರ ಬಂತು. ‘ಗಣಿತ ಅರ್ಥವಾಗಲಿಲ್ಲ. ಮದುವೆ ಅರ್ಥವಾಯಿತು. ಎರಡು ವರ್ಷ ತಿದ್ದಲಾಗಿದೆ’ ಎಂಬುದು ಅದರ ಸಾರಾಂಶ. ಉಳಿದ ಹದಿಮೂರು ಜನರದ್ದೂ ತಿದ್ದಿಸೋಣವೇ ಎಂದು ಮೇಷ್ಟ್ರು ಉತ್ಸಾಹದಿಂದ ಕೇಳಿದಾಗ ಬಾಯ್ಲರ್ ಅಣ್ಣ ಓಡಿ ಬಂದು ಅವರ ಕೈ ಹಿಡಿದುಕೊಂಡ. “ದಮ್ಮಯ್ಯ ಮೇಷ್ಟ್ರೇ, ನನ್ನದು ಮುಟ್ಟಬೇಡಿ! ನನಗೆ ನೀವು ಮೂರು ವರ್ಷ ಕಮ್ಮಿ ಬರೆದಿದ್ದೀರಿ. ಸರಿ ಮಾಡಿದ್ರೆ ನಾನು ಹೋದ ವರ್ಷವೇ ಮನೆಗೆ ಹೋಗಬೇಕಾಗುತ್ತೆ!”

ಮೇ ಹತ್ತೊಂಬತ್ತರ ಸಂಜೆ ಪಾಳಿ ಮುಗಿಸಿದ ಹದಿನಾಲ್ಕು ಜನ ಓಣಿ ದಾಟಿ ಬಂದರು. ಮುಂದೆ ರೋಲರ್ ಅಕ್ಕ, ಕೈಯಲ್ಲಿ ಇನ್ನೂ ಬಿಸಿಯಾಗಿದ್ದ ಬಿಳಿ ಮೇಜುಹಾಸು. ಮಡಿಕೆ ಎಷ್ಟು ಚೂಪಾಗಿತ್ತೆಂದರೆ ಅದರಲ್ಲೇ ಕೇಕು ಕತ್ತರಿಸಬಹುದಿತ್ತು. ಬಾಗಿಲು ತೆರೆದ ಹೆಂಡತಿ ಒಳ್ಳೆ ಸೀರೆ ಉಟ್ಟಿದ್ದಳು. ಹದಿನಾಲ್ಕು ಜನರೂ ಒಟ್ಟಿಗೆ ಶುಭಾಶಯ ಹೇಳಿದ ಸದ್ದಿಗೆ ಅವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದಳು. ಸಾವರಿಸಿಕೊಂಡ ಮೇಲೆ ಗಂಡನ ಕಡೆ ತಿರುಗಿದಳು.

“ನೋಡಿದ್ರಾ? ಊರಿನ ಜನಕ್ಕೆ ನೆನಪಿದೆ. ನಿಮ್ಮ ಬಾಯಿಂದ ಐವತ್ತೆರಡು ವರ್ಷದಲ್ಲಿ ಒಂದು ಸಲ ಬಂತಾ ಈ ಮಾತು? ಮರೆತವರು ಮರೆತವರೇ!”

ಮೇಷ್ಟ್ರು ಇಲ್ಲದ ಮೀಸೆಯನ್ನು ತಿರುವಿದರು.

“ಯಾರೇ ಮರೆತವರು? ಬೇರೆ ಗಂಡಂದಿರು ವರ್ಷಕ್ಕೊಂದು ಸಲ ಬಾಯಲ್ಲಿ ಹೇಳಿ ಮುಗಿಸಿಬಿಡ್ತಾರೆ. ನಾನು ದಾಖಲೆಗೇ ಏರಿಸಿದ್ದೀನಿ. ಈಗ ಅದನ್ನ ಅಳಿಸಬೇಕು ಅಂದ್ರೂ ನೀನು ಹೆಡ್ ಆಫೀಸಿಗೆ ಅರ್ಜಿ ಹಾಕಬೇಕು!”